ಕರು ಕುಡಿದ ಮೇಲೆ

ಮಗಳ ಬಾಣಂತನಕ್ಕೆಂದು 2023ರಲ್ಲಿ ಹೊಳಲ್ಕೆರೆಯಿಂದ ಮೆಲ್ಬರ್ನಿಗೆ ಹೊರಟಾಗ ನನ್ನ ಪೆಟ್ಟಿಗೆಯಲ್ಲಿ ನನ್ನ ಸೀರೆಗಳಿಗಿಂತ ಹುಟ್ಟಲಿರುವ ಕೂಸಿನ ಸಾಮಾನೇ ಹೆಚ್ಚಿತ್ತು. ಒಗೆದೊಗೆದು ಮೆತ್ತಗಾದ ಹಳೇ ಪಂಚೆಯ ತುಂಡುಗಳು, ಕಾಡಿಗೆ ಡಬ್ಬಿ, ತೇಯುವ ಕಲ್ಲು. ಒಂದು ಬಟ್ಟೆಯ ಗಂಟಿನಲ್ಲಿ ಬಜೆ, ಜಾಯಿಕಾಯಿ, ಮಾಚಿಕಾಯಿ, ಅಳಲೆಕಾಯಿ, ಒಣಶುಂಠಿ. ಆ ಗಂಟಿನ ನಡುವೆ ಬೆಳ್ಳಿಯ ಒಳಲೆ.

ಇಳಿಯುವಾಗ ತುಂಬುವ ಚೀಟಿಯಲ್ಲಿ ಗಿಡಮೂಲಿಕೆ ಇದೆ ಎಂದೇ ಗುರುತು ಹಾಕಿದ್ದೆ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು, ಸುಳ್ಳು ಬರೆಯಲು ಕೈ ಬರಲಿಲ್ಲ. ತಪಾಸಣೆಯ ಹುಡುಗಿ ಗಂಟು ಬಿಚ್ಚಿ ಬೇರು, ಕಾಯಿಗಳನ್ನೆಲ್ಲ ಒಂದು ಚೀಲಕ್ಕೆ ಸುರಿದುಕೊಂಡಳು. ಒಳಲೆಯನ್ನು ಮಾತ್ರ ಹಿಂದೆ ಮುಂದೆ ತಿರುಗಿಸಿ ನೋಡಿದಳು. ಮಗುವಿಗೆ ಹೀಗೆ ಕುಡಿಸುವುದು ಎಂದು ಕೈಯಲ್ಲೇ ತೋರಿಸಿದೆ. ನಕ್ಕು ವಾಪಸು ಕೊಟ್ಟಳು. ಔಷಧಿಯೇ ಇಲ್ಲದ ಮೇಲೆ ಬರೀ ಒಳಲೆ ಇಟ್ಟುಕೊಂಡು ಏನು ಮಾಡಲಿ ಎಂದು ದಾರಿಯುದ್ದಕ್ಕೂ ಗೊಣಗಿಕೊಂಡೇ ಮಗಳ ಮನೆ ಸೇರಿದೆ.

ಒಳಲೆಯನ್ನು ನೋಡದ ಮಕ್ಕಳು ಈಗ ನಮ್ಮಲ್ಲೂ ಇದ್ದಾರೆ, ಅದಕ್ಕೇ ಹೇಳುತ್ತೇನೆ. ಅಂಗೈ ಗುಳಿಯಲ್ಲಿ ಕೂರುವಷ್ಟು ಪುಟ್ಟ ಪಾತ್ರೆ. ಹಣತೆಯೊಂದು ಮೂಗು ಉದ್ದ ಮಾಡಿಕೊಂಡ ಹಾಗಿರುತ್ತದೆ. ಆ ಮೂತಿಯಿಂದ ಹನಿಹನಿಯಾಗಿ ಕೂಸಿನ ಬಾಯಿಗೆ ಬಿಡುವುದು. ನಮ್ಮ ಮನೆಯದು ಅತ್ತೆಯ ತವರಿನಿಂದ ಬಂದದ್ದು. ಅತ್ತೆಯ ಆರು ಮಕ್ಕಳು, ನನ್ನ ಮೂವರು ಅದರಲ್ಲೇ ಕುಡಿದು ಮೂತಿಯ ಅಂಚು ಸವೆದು ಹಾಳೆಯಷ್ಟು ತೆಳ್ಳಗಾಗಿದೆ.

ಹೆರಿಗೆ ಸಲೀಸಾಯಿತು. ಎರಡನೇ ದಿನಕ್ಕೇ ತಾಯಿ ಮಗುವನ್ನು ಮನೆಗೆ ಕಳಿಸಿದರು. ಕಷ್ಟ ಶುರುವಾದದ್ದು ಅಲ್ಲಿಂದ. ಮೊಲೆಗೆ ಹಾಕಿಕೊಂಡರೆ ಕೂಸು ಐದು ನಿಮಿಷ ಚೀಪಿ ನಿದ್ದೆಹೋಗುವುದು, ಮಲಗಿಸಿದ ಹತ್ತು ನಿಮಿಷಕ್ಕೆ ಕಿಟಾರನೆ ಅಳುವುದು. ಮಗಳಿಗೆ ತೊಟ್ಟು ಬಿರಿದು ರಕ್ತ ಜಿನುಗುತ್ತಿತ್ತು. ಮಗು ಅತ್ತರೆ ಸಾಕು, ಅವಳ ಕಣ್ಣಲ್ಲೂ ನೀರು. "ನನಗೆ ಹಾಲೇ ಇಲ್ಲವೇನಮ್ಮ?" ಎಂದು ಕೇಳಿದಳು. ಅಳಿಯ ಡಬ್ಬಿ ಹಾಲು ತರಲು ಚಪ್ಪಲಿ ಮೆಟ್ಟಿ ನಿಂತಿದ್ದ. ನಾನು ದೃಷ್ಟಿ ತೆಗೆದೆ. ಉಪ್ಪು ಮೆಣಸಿನಕಾಯಿ ಸುಟ್ಟದ್ದಕ್ಕೆ ಮನೆಯ ಹೊಗೆಗಂಟೆ ಬಡಿದುಕೊಂಡು ಮಗು ಇನ್ನಷ್ಟು ಬೆದರಿತು.

ಐದನೇ ದಿನ ಮಿಡ್‌ವೈಫ್ ಮನೆಗೆ ಬಂದಳು; ಓದಿ ಪಾಸಾದ ಸೂಲಗಿತ್ತಿ ಅನ್ನಿ. ಹುಟ್ಟಿದಾಗ 3,100 ಗ್ರಾಂ ಇದ್ದ ಕೂಸು 2,820ಕ್ಕೆ ಇಳಿದಿತ್ತು. ನನ್ನ ಎದೆ ಧಸಕ್ಕೆಂದಿತು. ಅವಳು ಗಾಬರಿಯಾಗಲಿಲ್ಲ. ಹುಟ್ಟಿದ ಮಕ್ಕಳೆಲ್ಲ ಮೊದಲ ದಿನಗಳಲ್ಲಿ ಒಂದಿಷ್ಟು ತೂಕ ಕಳೆದುಕೊಳ್ಳುತ್ತವೆ, ನೂರಕ್ಕೆ ಏಳರವರೆಗೆ ಸಾಮಾನ್ಯ, ಹತ್ತರ ಹತ್ತಿರ ಬಂದರೆ ಎಚ್ಚರ, ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ಬಂದರೆ ಸರಿ ಎಂದಳು. ಇವನು ಒಂಬತ್ತರಲ್ಲಿದ್ದ. ಆಮೇಲೆ ಅವಳು ಮಾಡಿದ್ದು ಒಂದೇ ಕೆಲಸ: ಕುರ್ಚಿ ಎಳೆದುಕೊಂಡು ಕೂತು, ಮಗು ಹಾಲು ಕುಡಿಯುವುದನ್ನು ಮೊದಲಿಂದ ಕೊನೆವರೆಗೆ ನೋಡಿದಳು. ಅಷ್ಟು ದಿನ ಮನೆಯಲ್ಲಿ ನಾವು ಮೂವರಿದ್ದೆವು. ಒಬ್ಬರೂ ಹಾಗೆ ಕೂತು ನೋಡಿರಲಿಲ್ಲ.

ಕೂಸು ತೊಟ್ಟನ್ನಷ್ಟೇ ಕಚ್ಚಿಕೊಳ್ಳುತ್ತಿತ್ತು. ಅದು ಹಿಡಿಯಬೇಕಾದದ್ದು ತೊಟ್ಟಿನ ಸುತ್ತಲಿನ ಕಪ್ಪು ಭಾಗವನ್ನೂ ಸೇರಿಸಿ. ಆಕಳಿಸುವಷ್ಟು ಬಾಯಿ ಅಗಲವಾಗುವವರೆಗೆ ಕಾದು, ಆಮೇಲೆ ಮಗುವನ್ನು ಎದೆಯ ಬಳಿಗೆ ತರಬೇಕು, ಎದೆಯನ್ನು ಮಗುವಿನ ಬಳಿಗೆ ಬಗ್ಗಿಸುವುದಲ್ಲ. ಗದ್ದ ಮೊಲೆಗೆ ಒತ್ತಿರಬೇಕು, ಮೂಗು ಬಿಡುವಾಗಿರಬೇಕು, ಹೊಟ್ಟೆಗೆ ಹೊಟ್ಟೆ ತಾಗಿರಬೇಕು. ನೋವು ಮುಂದುವರಿಯುತ್ತಿದ್ದರೆ ಹಿಡಿತ ತಪ್ಪಿದೆ ಎಂದರ್ಥ. ಕಿರುಬೆರಳನ್ನು ಮಗುವಿನ ಬಾಯಿಯ ಮೂಲೆಯಲ್ಲಿ ಇಟ್ಟು ಬಿಡಿಸಿ ಮತ್ತೆ ಹಿಡಿಸಬೇಕು. ಮೂರನೇ ಸಲಕ್ಕೆ ಗುಟುಕ್, ಗುಟುಕ್ ಎಂದು ನುಂಗುವ ಸದ್ದು ಕೇಳಿತು. ಮಗಳ ಹುಬ್ಬಿನ ಗಂಟು ಸಡಿಲಾಯಿತು.

ತೂಕ ಏರುವತನಕ ಪ್ರತಿ ಸಲ ಕುಡಿಸಿದ ಮೇಲೂ ಒಂದಿಷ್ಟು ಹಾಲು ಹಿಂಡಿ ಕುಡಿಸಿ, ಬಾಟಲಿ ಬೇಡ, ಪುಟ್ಟ ಲೋಟವೋ ಸಿರಿಂಜೋ ಸಾಕು ಎಂದಳು. ನಾನು ಒಳಗೆ ಹೋಗಿ ಒಳಲೆ ತಂದೆ. ಅವಳಿಗೆ ಅದರ ಪರಿಚಯವಿತ್ತು! ಭಾರತದ ನವಜಾತ ಶಿಶು ಘಟಕಗಳಲ್ಲಿ ತಿಂಗಳು ತುಂಬದೆ ಹುಟ್ಟಿದ ಮಕ್ಕಳಿಗೆ ಇದೇ ಆಕಾರದ ಸ್ಟೀಲ್ ಪಾತ್ರೆಯಲ್ಲಿ ತಾಯಿಹಾಲು ಕುಡಿಸುತ್ತಾರೆ. ತಮಿಳಿನ ಪಾಲಾಡೈ ಎಂಬ ಹೆಸರಿನಲ್ಲಿ ಅದು ವೈದ್ಯರ ಪುಸ್ತಕಗಳನ್ನೂ ಸೇರಿದೆ. ಆದರೆ ನಾನು ಕಾಲು ಚಾಚಿ ಮಗುವನ್ನು ಅಂಗಾತ ಮಲಗಿಸಿಕೊಂಡದ್ದು ನೋಡಿ ಕೈ ಅಡ್ಡ ತಂದಳು. ಹಾಗೆ ಸುರಿದರೆ ನೆತ್ತಿಗೇರುತ್ತದೆ, ಪುಪ್ಪುಸಕ್ಕೂ ಇಳಿಯಬಹುದು. ಮಗುವನ್ನು ಹೆಚ್ಚುಕಡಿಮೆ ಕೂರಿಸಿಕೊಂಡು, ಮೂತಿಯನ್ನು ತುಟಿಯ ಮೂಲೆಗೆ ತಾಗಿಸಿ, ನುಂಗಿದ ಮೇಲೆ ಇನ್ನೊಂದು ಹನಿ. ಪ್ರತಿ ಸಲವೂ ಒಳಲೆಯನ್ನು ತೊಳೆದು ಕುದಿಸಬೇಕು. ನನ್ನ ಅತ್ತೆಯ ಒಳಲೆಯಲ್ಲಿ ಮೊದಲ ಸಲ ತಾಯಿಯ ಹಾಲು ತುಂಬಿತು.

ಮೊದಲ ಸಲ ಎಂದದ್ದು ಮಾತಿನ ಭರಕ್ಕಲ್ಲ. 1988ರಲ್ಲಿ ಇದೇ ಮಗಳು ಹುಟ್ಟಿದಾಗ ಬಚ್ಚಲಲ್ಲಿ ಕೂರಿಸಿ ನನ್ನ ಮೊದಲ ಹಾಲನ್ನು ಹಿಂಡಿ ಚೆಲ್ಲಿಸಿದ್ದರು. ಹಳದಿ ಬಣ್ಣದ ಅಂಟು ಹಾಲು. ಅದು ಕೆಟ್ಟ ಹಾಲು, ಕೂಸಿಗೆ ಜೀರ್ಣವಾಗುವುದಿಲ್ಲ ಎಂಬ ಮಾತು. ಮೂರು ದಿನ ಒಳಲೆಯಲ್ಲಿ ಸಕ್ಕರೆ ನೀರು, ಹೊಟ್ಟೆ ತೊಳೆಯಲಿ ಎಂದು ಹರಳೆಣ್ಣೆ. ಕೂಸಿಗೆ ಭೇದಿ ಹತ್ತಿ ನೆತ್ತಿ ಗುಳಿಬಿದ್ದು, ಅವಳನ್ನು ಎತ್ತಿಕೊಂಡು ಚಿತ್ರದುರ್ಗಕ್ಕೆ ಓಡಿದ ರಾತ್ರಿ ಬಯಲು ಗಣಪತಿಗೆ ನಾನು ಹೊತ್ತ ಹರಕೆಗಳಿಗೆ ಲೆಕ್ಕವಿಲ್ಲ. ಗಣಪ ಉಳಿಸಿಕೊಟ್ಟ. ಅತ್ತೆಯನ್ನು ದೂರುವುದಿಲ್ಲ; ಅವರಿಗೂ ಹಾಗೇ ಮಾಡಿದ್ದರು, ನನ್ನ ಮೇಲೆ ಅವರಿಗೆ ಪ್ರಾಣ.

ಆದರೆ ಒಂದು ವಿಷಯ ಆಮೇಲೆ ಎಷ್ಟೋ ವರ್ಷ ನನ್ನನ್ನು ಚುಚ್ಚಿದೆ. ಅದೇ ವಾರ ನಮ್ಮ ಕೊಟ್ಟಿಗೆಯಲ್ಲಿ ಹಸು ಕರು ಹಾಕಿತ್ತು. ಅದರ ಗಿಣ್ಣು ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಕಾಯಿಸಿ ಓಣಿಗೆಲ್ಲ ಹಂಚಿದೆವು. ಹಸುವಿನ ಗಿಣ್ಣು ಪುಷ್ಟಿ. ಹೆತ್ತವಳ ಗಿಣ್ಣು ಬಚ್ಚಲಿಗೆ.

ಆ ಹಳದಿ ಹಾಲು ಮೊದಲ ದಿನ ಬರುವುದೇ ಚಮಚಗಳ ಲೆಕ್ಕದಲ್ಲಿ. ಕೂಸಿನ ಹೊಟ್ಟೆಗೂ ಅಷ್ಟೇ ಬೇಕಾದದ್ದು. ಸೋಂಕಿನ ವಿರುದ್ಧ ಕಾಯುವ ಅಂಶ ಅದರಲ್ಲಿ ದಟ್ಟವಾಗಿರುತ್ತದೆ. ಕಪ್ಪಗೆ ಕೀಲೆಣ್ಣೆಯಂತಿರುವ ಮೊದಲ ಮಲವನ್ನು ಹೊರಗೆ ತಳ್ಳುವ ಕೆಲಸವನ್ನೂ ಅದೇ ಮಾಡುತ್ತದೆ, ಹರಳೆಣ್ಣೆ ಬೇಕಿಲ್ಲ. ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಿ, ಆರು ತಿಂಗಳು ತಾಯಿಹಾಲು ಬಿಟ್ಟು ನೀರೂ ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಆ ಮೊದಲ ಗಂಟೆಯ ಹಾಲು ಸಿಕ್ಕಿದ್ದು ನೂರಕ್ಕೆ 42 ಮಕ್ಕಳಿಗೆ ಮಾತ್ರ. ಬಚ್ಚಲು ಇನ್ನೂ ಎಷ್ಟೋ ಹಾಲು ಕುಡಿಯುತ್ತಿದೆ.

ಹಾಲು ಸಾಕಾಗುತ್ತಿದೆಯೋ ಇಲ್ಲವೋ ಎಂದು ಅಳುವಿನಿಂದ ಅಳೆಯಬೇಡಿ, ಒದ್ದೆ ಬಟ್ಟೆಯಿಂದ ಅಳೆಯಿರಿ ಎಂದು ಆ ಮಿಡ್‌ವೈಫ್ ಹೇಳಿದ್ದಳು. ಐದನೇ ದಿನದಿಂದಾಚೆ ದಿನಕ್ಕೆ ಆರಾದರೂ ಉಚ್ಚೆಯ ಬಟ್ಟೆ ಬೀಳಬೇಕು, ಮಲ ಸಾಸಿವೆ ಹಳದಿಗೆ ತಿರುಗಿರಬೇಕು. ಹಗಲು ರಾತ್ರಿ ಸೇರಿ ಎಂಟರಿಂದ ಹನ್ನೆರಡು ಸಲ ಕುಡಿಯುವುದು ಹೊಟ್ಟೆಬಾಕತನವಲ್ಲ, ಅದೇ ಲೆಕ್ಕ. ನಮ್ಮ ಹೊಳಲ್ಕೆರೆ ಸುತ್ತಿನ ಹಳ್ಳಿಗಳಲ್ಲೂ ಈಗ ಆಸ್ಪತ್ರೆಯಲ್ಲಿ ಹೆತ್ತು ಬಂದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಬಂದು ತೂಕ ನೋಡಿ ಇದನ್ನೇ ಕೇಳಬೇಕೆಂಬ ನಿಯಮವಿದೆ.

ಹದಿಮೂರನೇ ದಿನಕ್ಕೆ ತೂಕ ಮರಳಿತು. ಇನ್ನು ನಿಶ್ಚಿಂತೆ ಎಂದುಕೊಳ್ಳುವಷ್ಟರಲ್ಲಿ ಸಂಜೆಯ ಅಳು ಶುರುವಾಯಿತು. ದೀಪ ಹಚ್ಚುವ ಹೊತ್ತಿಗೆ ಕಾಲು ಹೊಟ್ಟೆಗೆ ಸೆಳೆದುಕೊಂಡು, ಮುಖ ಕೆಂಪು ಮಾಡಿಕೊಂಡು ಎರಡು ಮೂರು ತಾಸು. ಹಸಿರು ನೊರೆ ನೊರೆ ಮಲ. ನನ್ನ ಕೈ ಬಜೆಗಾಗಿ ತಡಕಾಡುತ್ತಿತ್ತು.

ಹಸಿರು ಮಲದ ಗುಟ್ಟು ಒಡೆದದ್ದು ಕೊಟ್ಟಿಗೆಯ ನೆನಪಿನಿಂದ. ಮಗಳು ಫೋನಿನಲ್ಲಿ ಗಡಿಯಾರ ಇಟ್ಟು ಐದು ನಿಮಿಷಕ್ಕೊಮ್ಮೆ ಮಗ್ಗುಲು ಬದಲಿಸುತ್ತಿದ್ದಳು. ಅವಳಿಗೋ ಈಗ ಹಾಲು ಹೊಳೆ. ಕರೆಯುವವರಿಗೆ ಗೊತ್ತು, ಮೊದಲ ಹಾಲು ತೆಳು, ಕೆನೆಯೆಲ್ಲ ಕೊನೆಯ ಹಾಲಿನಲ್ಲಿ. ತಾಯಿಗೂ ಹಾಗೇ. ಬರೀ ತೆಳು ಹಾಲಿನ ಸಕ್ಕರೆಯೇ ಹೊಟ್ಟೆ ತುಂಬಿದರೆ ವಾಯು, ನೊರೆ. ಒಂದು ಕಡೆ ಪೂರ್ತಿ ಕುಡಿದು ತಾನಾಗಿ ಬಿಡುವವರೆಗೆ ಬಿಡು ಎಂದೆ. ಕ್ಲಿನಿಕ್ಕಿನ ನರ್ಸೂ ಅದನ್ನೇ ಹೇಳಿದಳು. ಮಲ ಹಳದಿಯಾಯಿತು. ಹೊಸಬರು ಬಂದು ನಿಂತರೆ ಹಸು ಸೊರೆ ಬಿಡದೆ ಹಾಲು ಮೇಲಕ್ಕೆಳೆದುಕೊಳ್ಳುವುದನ್ನೂ ನಾವು ಕಂಡವರೇ. ಬಾಣಂತಿಯ ಎದುರು ಕೂತು "ಹಾಲಿಲ್ಲ, ಹಾಲಿಲ್ಲ" ಎನ್ನುವ ನಾವೇ ಎಷ್ಟೋ ಸಲ ಆ ಹೊಸಬರು.

ಸಂಜೆಯ ಅಳು ಮಾತ್ರ ನಿಲ್ಲಲಿಲ್ಲ. ವೆಸೆಲ್ ಎಂಬ ವೈದ್ಯರು 1954ರಲ್ಲೇ ಇದಕ್ಕೆ ಮೂರರ ಲೆಕ್ಕ ಕೊಟ್ಟಿದ್ದಾರೆ: ಚೆನ್ನಾಗಿ ಬೆಳೆಯುತ್ತಿರುವ ಮಗು ದಿನಕ್ಕೆ ಮೂರು ತಾಸಿಗಿಂತ ಹೆಚ್ಚು, ವಾರದಲ್ಲಿ ಮೂರು ದಿನಕ್ಕಿಂತ ಹೆಚ್ಚು, ಮೂರು ವಾರಕ್ಕಿಂತ ಹೆಚ್ಚು ಅತ್ತರೆ ಅದು ಕೋಲಿಕ್. ಆರನೇ ವಾರದ ಹೊತ್ತಿಗೆ ಏರಿ, ಮೂರು ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. ಕಾರಣ ಇಂದಿಗೂ ಪೂರ್ತಿ ತಿಳಿದಿಲ್ಲ.

ಗ್ರೈಪ್ ವಾಟರ್ ಕೊಡೋಣವೇ ಎಂದೆ. ಅದರ ಕಥೆ ಓದಿದ ಮೇಲೆ ಸುಮ್ಮನಾದೆ. 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ಔಷಧಿ ವ್ಯಾಪಾರಿ ವಿಲಿಯಂ ವುಡ್‌ವರ್ಡ್, ಜೌಗು ನೆಲದ ಮಲೇರಿಯಾ ಜ್ವರಕ್ಕೆ ಮಕ್ಕಳಿಗೆ ಕೊಡುತ್ತಿದ್ದ ಔಷಧಿಯ ಜಾಡು ಹಿಡಿದು ಮಾಡಿದ್ದಂತೆ. ಸೋಡಾ, ಸಕ್ಕರೆ, ನಮ್ಮ ಸಬ್ಬಸಿಗೆಯ ಎಣ್ಣೆ. ಜೊತೆಗೆ ನೂರಕ್ಕೆ 3.6ರಷ್ಟು ಆಲ್ಕೋಹಾಲ್. ಮಗು ಮಲಗದೆ ಏನು ಮಾಡೀತು! ಈಗಿನದರಲ್ಲಿ ಆಲ್ಕೋಹಾಲ್ ಇಲ್ಲ, ಆದರೆ ಅಳು ನಿಲ್ಲಿಸುತ್ತದೆ ಎನ್ನಲು ಗಟ್ಟಿ ಆಧಾರವೂ ಇಲ್ಲ.

ಬಜೆಯ ವಿಷಯ ಹೇಳಲು ನನಗೆ ಕಷ್ಟ. ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮಿಗಳು ಯೋಗ, ಆಯುರ್ವೇದದಿಂದ ಲೋಕಸೇವೆ ಮಾಡಿದ ತಾಲ್ಲೂಕಿನವಳು ನಾನು. ಬೇರು ನಾರನ್ನು ಹಗುರವಾಗಿ ಕಾಣುವವಳಲ್ಲ. ಆದರೆ ವೈದ್ಯರು ಆಳು ನೋಡಿ ಅಳತೆ ಮಾಡಿ ಕೊಡುವುದು ಬೇರೆ, ತೇಯುವ ಕಲ್ಲಿನ ಮೇಲೆ ಎಳೆಗೂಸಿಗೆ ಅಂದಾಜಿನ ನಾಲ್ಕು ಸುತ್ತು ಬೇರೆ. ಬಜೆಯಲ್ಲಿರುವ ಬೀಟಾ ಅಸರೋನಿನಿಂದಾಗಿ 1968ರಲ್ಲೇ ಅಮೆರಿಕ ಅದನ್ನು ಆಹಾರದಲ್ಲಿ ಬಳಸುವುದನ್ನು ನಿಷೇಧಿಸಿದೆ. ಜೇನುತುಪ್ಪವಂತೂ ವರ್ಷ ತುಂಬುವವರೆಗೆ ನಾಲಿಗೆಗೆ ಸೋಕಿಸಲೇಬಾರದು. ಅದರಲ್ಲಿರಬಹುದಾದ ಬೊಟುಲಿಸಂ ಬೀಜಾಣು ಎಳೆಗರುಳಿನಲ್ಲಿ ಬೆಳೆದು ಮಗುವಿನ ನರಗಳನ್ನೇ ಸೋಲಿಸೀತು. ತಪಾಸಣೆಯ ಆ ಹುಡುಗಿ ಗಂಟು ಇಟ್ಟುಕೊಂಡದ್ದು ಒಳ್ಳೆಯದೇ ಆಯಿತು.

ಹಾಗಾದರೆ ನಮ್ಮದೇನೂ ಬೇಡವಾಯಿತೇ? ಇಲ್ಲ. ಕೂಸನ್ನು ಮುಂಗೈ ಮೇಲೆ ಬೋರಲು ಮಲಗಿಸಿಕೊಂಡು ಬೆನ್ನು ಸವರುತ್ತ ಪಡಸಾಲೆಯಲ್ಲಿ ತಿರುಗುವುದು, ಹೆಗಲಿಗೆ ಹಾಕಿ ತೇಗು ತೆಗೆಸುವುದು, ಬೆಚ್ಚಗಿನ ಎಣ್ಣೆ ಕೈಯಲ್ಲಿ ಹೊಟ್ಟೆಯನ್ನು ಸುತ್ತಿ ಸುತ್ತಿ ನೀವಿ ಮಂಡಿ ಮಡಿಸಿ ಬಿಡಿಸುವುದು, ಇವನ್ನು ಅಲ್ಲಿನ ನರ್ಸುಗಳೂ ಮಾಡಿ ಎಂದರು. ಬಾಣಂತಿಗೆ ಮೆಣಸಿನ ಸಾರು, ತುಪ್ಪದನ್ನ ಕೈಗೆ ಕೊಟ್ಟು ಮಲಗಿಸುವುದು ಇನ್ನೂ ದೊಡ್ಡ ಔಷಧಿ. ತಾಯಿ ಅವರೆಕಾಳು ತಿಂದರೆ ಅದರ ವಾಯು ಹಾಲಿಗಿಳಿಯುವುದಿಲ್ಲ, ಅಷ್ಟೊಂದು ಪಥ್ಯ ಬೇಕಿಲ್ಲ. ಮಲದಲ್ಲಿ ರಕ್ತದ ಎಳೆ ಕಂಡರೆ ಮಾತ್ರ ಹಸುವಿನ ಹಾಲಿನ ಬಗ್ಗೆ ವೈದ್ಯರನ್ನು ಕೇಳಬೇಕು. ಹಸಿರು ವಾಂತಿ, 38 ಡಿಗ್ರಿ ಜ್ವರ, ಉಚ್ಚೆ ಕಟ್ಟುವುದು, ಎಬ್ಬಿಸಿದರೂ ಏಳದ ಮಂಪರು ಇದ್ದರೆ ದೃಷ್ಟಿ ತೆಗೆಯುತ್ತ ಕೂರಬಾರದು, ಆಸ್ಪತ್ರೆಗೆ ಓಡಬೇಕು.

ಆ ಮೆಲ್ಬರ್ನಿನಲ್ಲೇ 1964ರಲ್ಲಿ, ಮೊದಲ ಮಗುವಿಗೆ ಹಾಲೂಡಿಸಲು ಒದ್ದಾಡಿದ ಮೇರಿ ಪೇಟನ್ ಎಂಬ ತಾಯಿ ಐವರು ಗೆಳತಿಯರನ್ನು ಕೂಡಿಸಿಕೊಂಡು ಹಾಲೂಡುವ ತಾಯಂದಿರ ಸಂಘ ಕಟ್ಟಿದರಂತೆ. ಇಂದಿನ ಆಸ್ಟ್ರೇಲಿಯಾ ಸ್ತನ್ಯಪಾನ ಸಂಘದ ಬೇರು ಅದೇ. ಅಲ್ಲಿನ ಕನ್ನಡ ಸಂಘದ ತಾಯಂದಿರೂ ಹೀಗೆ ಒಬ್ಬರಿಗೊಬ್ಬರು ಕೂತು ನೋಡುವವರಾಗಲಿ ಎಂದೇ, ಮಗಳು ಕೇಳಿದಾಗ ಈ ಲೇಖನ ಬರೆಯಲು ಒಪ್ಪಿಕೊಂಡೆ. ವೀಸಾ ಸಿಗದ ಅಮ್ಮಂದಿರೂ ಇರುತ್ತಾರಲ್ಲ.

ಒಳಲೆಯನ್ನು ಅಲ್ಲೇ ಬಿಟ್ಟು ಬಂದೆ. ಬಂದ ತಿಂಗಳಿಗೆ ಪಕ್ಕದ ತೋಟದ ಮನೆಯ ಸೊಸೆ, ಏಳು ತಿಂಗಳ ಬಸುರಿ, ಲೋಟದ ತುಂಬ ಗಿಣ್ಣು ತಂದಳು. ಮನೆಯಲ್ಲಿ ಹಸು ಕರು ಹಾಕಿದೆಯಂತೆ.

"ಕರುವಿಗೆ ಬಿಟ್ಟಿದ್ದೆಯೇನವ್ವಾ ಮೊದಲು?" ಎಂದೆ.

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಮತ್ತೆ? ಕರು ಕುಡಿದ ಮೇಲೇ ಅಲ್ವೇನಜ್ಜೀ ನಮಗೆ?"

"ನಿನ್ನ ಬಾಯಿಂದಲೇ ಬಂತು ನೋಡು, ಮರೀಬೇಡ" ಎಂದು ಅವಳನ್ನು ಒಳಗೆ ಕರೆದು ಕೂರಿಸಿದೆ.