ನಿಷ್ಪ್ರತೀಕಾರ ರೋಗವೆಂದರೆ ಯಾವುದು?

ಸಲ್ಲೇಖನಕ್ಕೆ ಆಚಾರ್ಯ ಸಮಂತಭದ್ರರು ರತ್ನಕರಂಡ ಶ್ರಾವಕಾಚಾರದಲ್ಲಿ ಹೇಳಿರುವ ನಿಮಿತ್ತಗಳಲ್ಲಿ ರೋಗವೂ ಒಂದು. ಆದರೆ ಅದು ಪ್ರತೀಕಾರವಿಲ್ಲದ್ದಾಗಿರಬೇಕು. ಗುಣವಾಗಬಲ್ಲ ವ್ಯಾಧಿಗೆ ಅಂಜಿ ಆಹಾರ ಬಿಡುವುದು ವ್ರತವೆನಿಸದು. ಹಾಗಾದರೆ ಪ್ರತೀಕಾರವಿಲ್ಲವೆಂದು ನಿರ್ಣಯಿಸುವುದು ಹೇಗೆ? ಕ್ಯಾನ್ಸರ್ ಎಂಬ ಅರ್ಬುದರೋಗದ ವಿಷಯದಲ್ಲಿ ಈ ಪ್ರಶ್ನೆ ಇಂದು ಹೊಸ ರೂಪ ತಾಳಿದೆ.

ರಕ್ತದ ಬಿಳಿಯ ಕಣಗಳಲ್ಲಿ ಟಿ-ಕೋಶಗಳೆಂಬವು ಕೆಟ್ಟ ಕೋಶಗಳನ್ನು ಗುರುತಿಸಿ ನಾಶಮಾಡಬಲ್ಲವು. ಆದರೂ ಅರ್ಬುದವು ಬೆಳೆಯುವುದೇಕೆ? ದೇಹವು ತನ್ನನ್ನೇ ಘಾಸಿಗೊಳಿಸದಿರಲೆಂದು ಈ ಕೋಶಗಳಿಗೆ ಸಹಜವಾದ ಕಡಿವಾಣವಿದೆ. ಅರ್ಬುದಕೋಶಗಳು ಅನೇಕ ವೇಳೆ ಆ ಕಡಿವಾಣವನ್ನೇ ಹಿಡಿದೆಳೆಯುತ್ತವೆ. ಮ್ಯಾಕ್ರೋಫೇಜ್ ಎಂಬ ಬೇರೊಂದು ಬಗೆಯ ರಕ್ಷಕ ಕೋಶಗಳು, ಗಾಯ ಮಾಯಿಸುವ ತಮ್ಮ ಸ್ವಭಾವದಿಂದಲೇ, ಗಡ್ಡೆಗೆ ಹೊಸ ರಕ್ತನಾಳಗಳು ಮೂಡಲು ನೆರವಾಗುವುದೂ ಉಂಟು. ಕಡಿವಾಣವನ್ನು ಸಡಿಲಿಸುವ ಔಷಧಗಳಿಗೆ ದಾರಿ ತೋರಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಪಾರಿತೋಷಕ ಸಂದಿತು.

ಹಲಸೂರು, ಇಂದಿರಾನಗರಗಳ ಶ್ರಾವಕರಿಗೆ ಇದು ದೂರದೇಶದ ವಾರ್ತೆಯಲ್ಲ. ಬೆಂಗಳೂರಿನದೇ ಆದ ಇಮ್ಯುನೀಲ್ ಸಂಸ್ಥೆಯು 2025ರ ಜನವರಿಯಲ್ಲಿ ‘ಕಾರ್ಟೆಮಿ’ ಎಂಬ ಚಿಕಿತ್ಸೆಯನ್ನು ಬಳಕೆಗೆ ತಂದಿತು. ಲಿಂಫೋಮಾದ ಕೆಲವು ರೋಗಿಗಳ ಟಿ-ಕೋಶಗಳನ್ನು ಹೊರತೆಗೆದು, ಅರ್ಬುದಕೋಶದ ಗುರುತು ಹಿಡಿಯುವಂತೆ ಪ್ರಯೋಗಶಾಲೆಯಲ್ಲಿ ತಿದ್ದಿ, ವೃದ್ಧಿಪಡಿಸಿ, ಮರಳಿ ಅದೇ ದೇಹಕ್ಕೆ ಸೇರಿಸುವ ಕ್ರಮವಿದು. ಇದು ಎಲ್ಲರಿಗೂ ಫಲಿಸದು, ಕೆಲವರಲ್ಲಿ ತೀವ್ರ ಜ್ವರಾದಿ ಉಪದ್ರವಗಳನ್ನೂ ತರುತ್ತದೆ, ವೆಚ್ಚವೂ ಹಿರಿದು.

ಆದುದರಿಂದ ‘ನಿಷ್ಪ್ರತೀಕಾರ’ವೆಂಬ ಮಾತನ್ನು ದ್ರವ್ಯ, ಕ್ಷೇತ್ರ, ಕಾಲ, ಭಾವಗಳನ್ನು ನೋಡಿಯೇ ಅರ್ಥೈಸಬೇಕು. ನಿನ್ನೆ ಪ್ರತೀಕಾರವಿಲ್ಲದ್ದಕ್ಕೆ ಇಂದು ಇರಬಹುದು. ಒಬ್ಬನಿಗಿರುವುದು ಜರಾಜೀರ್ಣನಾದ ಮತ್ತೊಬ್ಬನಿಗೆ ಇಲ್ಲದಿರಬಹುದು. ವೈದ್ಯನನ್ನು ಕೇಳುವ ಮೊದಲೇ ಆಹಾರತ್ಯಾಗಕ್ಕೆ ಮುಂದಾಗುವವನು ತನ್ನಲ್ಲಿರುವುದು ವೈರಾಗ್ಯವೋ ಹತಾಶೆಯೋ ಎಂದು ಪರೀಕ್ಷಿಸಿಕೊಳ್ಳಬೇಕು. ಚಿಕಿತ್ಸೆಯ ದಿನಗಳಲ್ಲಿ ದೇಹ ಕೃಶವಾಗುವುದು ಸಾಮಾನ್ಯ. ಆಗ ದೀರ್ಘ ಉಪವಾಸಗಳನ್ನು ಮುಂದೂಡುವುದು ವ್ರತಭಂಗವಲ್ಲ. ಶಕ್ತಿಯನ್ನರಿತು ತಪಗೈಯಬೇಕೆಂಬುದು ಷೋಡಶ ಭಾವನೆಗಳಲ್ಲಿಯೇ ಸೇರಿದೆ. ಸಕಲ ಉಪಾಯಗಳೂ ಮುಗಿದ ಮೇಲೆ, ಗುರುವಿನ ಅನುಜ್ಞೆ ಪಡೆದು, ನಿಷ್ಕಷಾಯಭಾವದಿಂದ ದೇಹದ ಮಮತೆಯನ್ನು ಬಿಡುವವನಿಗೆ ಮಾರ್ಗವು ತೆರೆದೇ ಇದೆ.

ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಚಿಕಿತ್ಸೆಯಿದ್ದೂ ಹಣವಿಲ್ಲದ ಕಾರಣ ಅದು ಎಟುಕದಿದ್ದರೆ, ಆ ರೋಗವನ್ನು ನಿಷ್ಪ್ರತೀಕಾರವೆನ್ನಬಹುದೇ? ಹಾಗೆನ್ನುವುದು ನ್ಯಾಯವಲ್ಲ. ಚತುರ್ವಿಧ ದಾನಗಳಲ್ಲಿ ಔಷಧದಾನವನ್ನು ಪೂರ್ವಾಚಾರ್ಯರು ಎಣಿಸಿರುವಾಗ, ಅಲ್ಲಿ ಕೊರತೆಯಿರುವುದು ಸಾಧರ್ಮಿಗಳ ಕರ್ತವ್ಯದಲ್ಲಿ. ಅಂತಹ ಮನೆಯವರಿಗೆ ಸಲ್ಲೇಖನದ ಮಹಿಮೆಯನ್ನು ಬೋಧಿಸಲು ಹೋಗುವವರು ಮೊದಲು ಔಷಧದ ಚೀಟಿಯನ್ನು ಕೇಳಿ ಪಡೆಯಲಿ.