ಮಾಲ್ಯವಂತದ ಚಾತುರ್ಮಾಸ್ಯ

ಕಮಲಾಪುರದಿಂದ ಕಂಪ್ಲಿಗೆ ಹೋಗುವ ದಾರಿಯ ಮಗ್ಗುಲಿನ ಮಾಲ್ಯವಂತ ಬೆಟ್ಟದ ಮೇಲೆ, ಒಂದು ಮಹಾಶಿಲೆಯನ್ನು ಗರ್ಭಗುಡಿಯೊಳಗೆ ಅಡಕಮಾಡಿಕೊಂಡು ಕಟ್ಟಿದ ರಘುನಾಥನ ದೇವಾಲಯವಿದೆ. ಬಂಡೆಯ ತಲೆ ಗುಡಿಯ ಮಾಡನ್ನು ಮೀರಿ ಎದ್ದಿದೆ. ಅದರ ನೆತ್ತಿಯ ಮೇಲೊಂದು ಶಿಖರ. ಒಳಗೆ ಅದೇ ಕಲ್ಲಿನಲ್ಲಿ ಕಡೆದ ಶ್ರೀರಾಮನು ಕೋದಂಡ ಹಿಡಿದು ನಿಂತಿಲ್ಲ, ಕುಳಿತಿದ್ದಾನೆ. ಸೀತೆಯನ್ನು ಕಳೆದುಕೊಂಡು, ಅವಳನ್ನು ಅರಸುವ ಕಾರ್ಯ ಕಣ್ಣೆದುರಿಗಿದ್ದೂ ಕೈಗೂಡದೆ, ಆತನು ಮಳೆಗಾಲವನ್ನು ಕಳೆದದ್ದು ಇಲ್ಲಿಯೇ ಎಂದು ಈ ಸೀಮೆಯವರ ನಂಬಿಕೆ. ದುಃಖವೂ ಕರ್ತವ್ಯವೂ ಒಮ್ಮೆಗೇ ಹೆಗಲೇರಿದಾಗ ಮನುಷ್ಯನು ಏನು ಮಾಡಬೇಕೆಂಬ ಪ್ರಶ್ನೆಯನ್ನು ಇಟ್ಟುಕೊಂಡು ಕೂರಲು ಇದಕ್ಕಿಂತ ತಕ್ಕ ಸ್ಥಳವಿಲ್ಲ.

ವಾಲ್ಮೀಕಿಯ ಕಿಷ್ಕಿಂಧಾಕಾಂಡದಲ್ಲಿ, ವಾಲಿವಧೆಯಾಗಿ ಸುಗ್ರೀವನ ಪಟ್ಟಾಭಿಷೇಕಕ್ಕೆ ಕಾಲ ಕೂಡಿಬಂದಾಗ, ರಾಮನು ಒಡನೆಯೇ ದಂಡೆತ್ತಿ ಹೊರಡುವುದಿಲ್ಲ. ಶ್ರಾವಣ ಬಂದಿದೆ, ಇದು ಉದ್ಯೋಗದ ಕಾಲವಲ್ಲ, ಕಾರ್ತಿಕದಲ್ಲಿ ತೊಡಗು ಎಂದು ಗೆಳೆಯನನ್ನು ಊರೊಳಕ್ಕೆ ಕಳುಹಿಸಿ, ತಾನು ತಮ್ಮನೊಡನೆ ಬೆಟ್ಟದಲ್ಲಿ ನಿಲ್ಲುತ್ತಾನೆ. ಈ ನಾಡಿನಲ್ಲಿ ಬೀಳುವ ಮಳೆ ಅಲ್ಪವೇ. ಆದರೆ ಮಲೆನಾಡಿನ ನೀರು ಬಂದು ತುಂಗಭದ್ರೆ ಉಕ್ಕಿ ಹಂಪೆಯ ಪುರಂದರಮಂಟಪವನ್ನು ಮುಳುಗಿಸುವುದನ್ನು ಕಂಡವರಿಗೆ, ದಾರಿ ಕಟ್ಟಿತೆಂಬ ಮಾತು ಬರಿಯ ನೆವವೆನಿಸದು. ಆ ನಾಲ್ಕು ತಿಂಗಳು ರಾಮನಿಗೆ ನೂರು ವರ್ಷಗಳಾದುವು. ಅವನು ನಿದ್ದೆಗೆಟ್ಟನು, ಶೋಕಕ್ಕೆ ಸೋತವನ ಕಾರ್ಯಗಳೆಲ್ಲ ಕೆಡುವುವೆಂದು ಲಕ್ಷ್ಮಣನು ಎಚ್ಚರಿಸಿದಾಗ ಹೌದೆಂದು ಒಪ್ಪಿದನು, ಒಪ್ಪಿದ ಮೇಲೆಯೂ ಮತ್ತೆ ಅತ್ತನು. ಆದಿಕವಿಯು ಇದನ್ನು ಎಲ್ಲಿಯೂ ಮರೆಮಾಚಲಿಲ್ಲ.

ಅದೇ ಮಳೆಗಾಲವನ್ನು ಸುಗ್ರೀವನೂ ಕಳೆದನು. ಅವನು ಭೋಗದಲ್ಲಿ ಮೈಮರೆತನು. ಹೊರಗಿನಿಂದ ನೋಡಿದರೆ ಇಬ್ಬರೂ ಕೈಕಟ್ಟಿ ಕುಳಿತವರೇ. ಆದರೆ ಒಬ್ಬನ ನಿಷ್ಕ್ರಿಯೆಯಲ್ಲಿ ಸ್ಮೃತಿಯಿತ್ತು, ಇನ್ನೊಬ್ಬನದರಲ್ಲಿ ವಿಸ್ಮೃತಿ. ಕಾಯುವುದು ಧರ್ಮವೋ ಆಲಸ್ಯವೋ ಎಂಬುದನ್ನು ನಿರ್ಣಯಿಸುವ ಒರೆಗಲ್ಲು ಇದೇ ಎಂದು ನಾನು ತಿಳಿಯುತ್ತೇನೆ.

ಮೂರನೆಯ ವ್ಯಕ್ತಿಯೊಬ್ಬಳಿದ್ದಾಳೆ, ಅವಳನ್ನು ನಾವು ಸಾಕಷ್ಟು ನೆನೆಯುವುದಿಲ್ಲ. ವಿಠ್ಠಲ ದೇವಾಲಯದಿಂದಾಚೆ ನಿಂಬಾಪುರದ ಬಳಿಯಿರುವ ಬೂದಿಯ ದಿಬ್ಬವನ್ನು ಜನರು ವಾಲಿಯನ್ನು ದಹಿಸಿದ ಎಡೆಯೆಂದು ತೋರಿಸುತ್ತಾರೆ. ಗಂಡನನ್ನು ಕಳೆದುಕೊಂಡ ತಾರೆಗೆ ಬೆಟ್ಟವೇರಿ ಕೂರುವ ಅವಕಾಶ ದೊರೆಯಲಿಲ್ಲ. ಲಕ್ಷ್ಮಣನು ಕಿಡಿಕಿಡಿಯಾಗಿ ಕಿಷ್ಕಿಂಧೆಗೆ ನುಗ್ಗಿದಾಗ, ಎದುರಿಗೆ ಬಂದು ನಯವಾದ ಮಾತಿನಿಂದ ಆ ಕೋಪವನ್ನು ಇಳಿಸಿ ರಾಜ್ಯವನ್ನು ಉಳಿಸಿದವಳು ಅವಳೇ.

ನಮ್ಮಲ್ಲಿ ಹೆಚ್ಚಿನವರು ತಾರೆಯ ಪಾಡಿನವರು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಿಂದ ಸಂಡೂರಿನ ಗಣಿಗಳು ನಿಂತು, ಸಾಲದ ಲಾರಿಗಳು ನಿಂತಲ್ಲೇ ನಿಂತಾಗ, ಆ ವರ್ಷ ಮನೆಯಲ್ಲಿ ಸಾವು ಕಂಡವನಿಗೂ ಕಂತು ಕಟ್ಟುವುದು ತಪ್ಪಲಿಲ್ಲ. ಹೊಸಪೇಟೆಯ ಕಛೇರಿಯವನು ತಿಥಿಯ ಮರುದಿನವೇ ಕಡತ ಬಿಚ್ಚುತ್ತಾನೆ. ಕಂಪ್ಲಿಯ ಒಕ್ಕಲಿಗನು ಕಾಲುವೆಗೆ ನೀರು ಬಿಟ್ಟ ದಿನ ಸೂತಕದಲ್ಲಿಯೂ ಗದ್ದೆಗೆ ಇಳಿಯುತ್ತಾನೆ. ಇಂಥವರಿಗೆ, ಕೆಲಸದಲ್ಲಿ ಮನಸ್ಸಿಡು, ಎಲ್ಲ ಮರೆಯುತ್ತದೆ ಎಂದು ಉಪದೇಶಿಸುವುದು ಸುಲಭ. ಅವರ ಕೆಲಸದ ಒಂದು ಪಾಲನ್ನು ಹೊರುವುದು ಧರ್ಮ. ಮಾಲ್ಯವಂತದ ಗುಡಿಯಲ್ಲಿ ಸಾಧುಗಳು ಹಗಲಿರುಳೂ ನಡೆಸುವ ರಾಮಾಯಣ ಪಾರಾಯಣವು, ಒಬ್ಬನ ಕೊರಳು ದಣಿದಾಗ ಮತ್ತೊಬ್ಬನು ಕುಳಿತು ಎತ್ತಿಕೊಳ್ಳುವುದರಿಂದಲೇ ಅಖಂಡವಾಗಿದೆ.

ಇಷ್ಟಾದರೂ ಶೋಕವು ಋತುವಿನೊಡನೆ ಮುಗಿದುಹೋಗುವುದೆಂದು ಯಾರೂ ಎಣಿಸಬಾರದು. ಶರತ್ಕಾಲ ಬಂದು ಆಕಾಶ ತಿಳಿಯಾದಾಗ ರಾಮನ ದುಃಖ ತಿಳಿಯಾಗಿರಲಿಲ್ಲ; ಇನ್ನೂ ಹೆಚ್ಚಿತ್ತು. ಅದು ತೀರಿದ ಮೇಲೆ ಹೊರಡುವೆನೆಂದು ಅವನು ಕಾದಿದ್ದರೆ ಸಮುದ್ರಕ್ಕೆ ಸೇತುವೆಯಾಗುತ್ತಿರಲಿಲ್ಲ. ಕಾದದ್ದು ದಾರಿ ತೆರೆಯಲೆಂದು. ದಾರಿ ತೆರೆದಾಗ ದುಃಖವನ್ನು ಹೊತ್ತುಕೊಂಡೇ ನಡೆದನು.