ಇವತ್ತಿನ ಹುಣ್ಣಿಮೆ ಯಾರದು?



ಉಪಾಸಕ ಉಪಾಸಿಕೆಯರೇ, ಇಂದು ಗುರುವಾರ, ಡಿಸೆಂಬರ್ 4, 2025. ಮಾರ್ಗಶಿರ ಹುಣ್ಣಿಮೆ. ನಾಡಿದ್ದು ಶನಿವಾರ ಬಾಬಾಸಾಹೇಬರ ಮಹಾಪರಿನಿರ್ವಾಣ ದಿನ.

ಡಿಸೆಂಬರ್ ಬಂತೆಂದರೆ ನಮ್ಮ ಮೊಬೈಲ್‌ಗಳಿಗೆ ದಿನಾಚರಣೆಯ ಮೆಸೇಜುಗಳು ಒಂದರ ಹಿಂದೊಂದು ಬೀಳುತ್ತವೆ. 1ಕ್ಕೆ ಏಡ್ಸ್ ದಿನ, 3ಕ್ಕೆ ಅಂಗವಿಕಲರ ದಿನ, ಇವತ್ತು ನೌಕಾಪಡೆ ದಿನ, ನಾಳೆ ಮಣ್ಣಿನ ದಿನ, 10ಕ್ಕೆ ಮಾನವ ಹಕ್ಕುಗಳ ದಿನ. ಜಪಾನಿನ ಬೌದ್ಧರು 8ನೇ ತಾರೀಖನ್ನು ಬುದ್ಧರಿಗೆ ಬೋಧಿಯಾದ ದಿನವೆಂದು ಆಚರಿಸುತ್ತಾರೆ. ಅದನ್ನೂ ಯಾರಾದರೂ ತಾವರೆ ಚಿತ್ರ ಹಾಕಿ ಕಳಿಸುತ್ತಾರೆ. 15ಕ್ಕೆ ಚಹಾ ದಿನವಂತೆ. ಮೊದಲು ನಗು ಬರುತ್ತದೆ. ಹೊಟೇಲಿನ ಹೊರಗೆ ಬೇರೆಯಾಗಿಟ್ಟ ಕಪ್ಪನ್ನು ತಾವೇ ತೊಳೆದುಕೊಂಡು ನಿಂತು ಚಹಾ ಕುಡಿದ ನಮ್ಮ ಹಿರಿಯರ ನೆನಪಾದರೆ, ಚಹಾಕ್ಕೂ ಒಂದು ದಿನ ಇರಲಿ ಬಿಡಿ ಅನ್ನಿಸುತ್ತದೆ. ಇವತ್ತಿನ ಹುಣ್ಣಿಮೆಯ ಬಗ್ಗೆ ಮಾತ್ರ ನಮ್ಮ ಗ್ರೂಪಿನಲ್ಲಿ ಯಾರೂ ಏನೂ ಹಾಕಿಲ್ಲ. ಅದಕ್ಕೇ ಇಂದಿನ ಚಿಂತನೆಗೆ ಇದನ್ನೇ ತೆಗೆದುಕೊಂಡಿದ್ದೇನೆ.

ಈ ವಾರ ನಮ್ಮ ಭಾಗದಿಂದ ಎರಡು ದಂಡು ಹೊರಡುತ್ತವೆ. ಒಂದು, ರಾಯಬಾಗ, ಕುಡಚಿ, ಉಗಾರ, ಶೇಡಬಾಳ ಸ್ಟೇಷನ್ನುಗಳಲ್ಲಿ ರೈಲು ಹತ್ತಿ, ಮಿರಜ ದಾಟಿ ದಾದರಿನ ಚೈತ್ಯಭೂಮಿಗೆ ಹೋಗುವ ನಮ್ಮ ಜನ. ಬಿಳಿ ಬಟ್ಟೆ, ನೀಲಿ ಧ್ವಜ, ಚೀಲದಲ್ಲಿ ರೊಟ್ಟಿ ಚಟ್ನಿ. ಇನ್ನೊಂದು, ಕೊಲ್ಲಾಪುರದ ಕಡೆಯಿಂದ ಹೈವೇ ಹಿಡಿದು ನಿಪ್ಪಾಣಿ, ಸಂಕೇಶ್ವರದ ಮೇಲೆ ಹಾಯ್ದು ಸವದತ್ತಿ ಗುಡ್ಡಕ್ಕೆ ಹೋಗುವ ಬಸ್ಸುಗಳು. ಭಂಡಾರ, ಚೌಡಕಿ, ತಲೆಯ ಮೇಲೆ ಜಗ. ಇವೆರಡೂ ಬೇರೆ ಬೇರೆ ಜನ ಅಂತ ಹೇಳುವ ಹಾಗಿದ್ದರೆ ಇದನ್ನು ಬರೆಯುವ ಕೆಲಸವೇ ಇರುತ್ತಿರಲಿಲ್ಲ. ಎಷ್ಟೋ ಕಡೆ ಮಗ ದಾದರಿಗೆ ಹೋಗುತ್ತಾನೆ, ತಾಯಿ ಸವದತ್ತಿಗೆ ಹೋಗುತ್ತಾಳೆ. ಮನೆ ಒಂದೇ, ಬಾಗಿಲು ಒಂದೇ.

ಸವದತ್ತಿಯಲ್ಲಿ ಇವತ್ತು ನಡೆಯುವುದು ಹೊಸ್ತಿಲ ಹುಣ್ಣಿಮೆ. ಹಿರಿಯರು ಇದನ್ನು ರಂಡಿ ಹುಣ್ಣಿಮೆ ಎಂದೂ ಕರೆಯುತ್ತಾರೆ. ಕಥೆಯಲ್ಲಿ ಜಮದಗ್ನಿಯ ಕೊಲೆಯಾಗುತ್ತದೆ, ಎಲ್ಲಮ್ಮ ವಿಧವೆಯಾಗುತ್ತಾಳೆ. ಆಕೆಯ ಹೆಸರಿನಲ್ಲಿ ಜೋಗತಿಯರ ಬಳೆ ಒಡೆಯುತ್ತಾರೆ. ಮುಂದೆ ಮಾಘದ ಭಾರತ ಹುಣ್ಣಿಮೆಗೆ ಗಂಡ ಮತ್ತೆ ಬದುಕುತ್ತಾನೆ, ಮುತ್ತೈದೆ ಹುಣ್ಣಿಮೆಯಾಗುತ್ತದೆ, ಮತ್ತೆ ಬಳೆ ಇಡಿಸುತ್ತಾರೆ. ಇದರಲ್ಲಿರುವ ಲೆಕ್ಕವನ್ನು ಸ್ವಲ್ಪ ನೋಡಿ. ಮುತ್ತು ಕಟ್ಟಿಸಿಕೊಂಡವಳು ದೇವರನ್ನೇ ಮದುವೆಯಾದವಳು, ಆಕೆಗೆ ವೈಧವ್ಯವೇ ಇಲ್ಲ ಎಂದು ಹೇಳಿ ಹುಡುಗಿಯನ್ನು ಬಿಟ್ಟರು. ಮನೆ ಕಟ್ಟಿಕೊಡುವ ಗಂಡ, ಆಸ್ತಿಯಲ್ಲಿ ಪಾಲು, ಮಕ್ಕಳಿಗೆ ತಂದೆಯ ಹೆಸರು, ಇದ್ಯಾವುದೂ ಅವಳಿಗೆ ಸಿಗಲಿಲ್ಲ. ವರ್ಷಕ್ಕೊಮ್ಮೆ ವಿಧವೆಯಾಗುವ ಕೆಲಸ ಮಾತ್ರ ಸಿಕ್ಕಿತು. ಮದುವೆಯ ಸುಖವಿಲ್ಲ, ಸಾವಿನ ಸೂತಕ ಮಾತ್ರ ಇದೆ.

ಮುತ್ತು ಕಟ್ಟಿಸಿಕೊಂಡವರಲ್ಲಿ ಹೆಚ್ಚಿನವರು ನಮ್ಮ ಕೇರಿಗಳ ಹೆಣ್ಣುಮಕ್ಕಳೇ ಎಂಬುದು ಎಲ್ಲರಿಗೂ ಗೊತ್ತಿದೆ. ತಲೆಗೂದಲು ಗಂಟುಗಟ್ಟಿ ಜಡೆಯಾದರೆ ಅದು ದೇವಿಯ ಕರೆ. ಮನೆಯಲ್ಲಿ ಗಂಡು ಮಗು ನಿಲ್ಲದಿದ್ದರೆ ಅದೂ ಆಕೆಯ ಕರೆ. ಕರೆ ಬಂದದ್ದು ಮಾತ್ರ ಯಾವಾಗಲೂ ಬಡವರ ಮನೆಗೆ. ಬೆಳಗಾವಿ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿದ್ದಾಗಲೇ, 1934ರಲ್ಲಿ, ದೇವದಾಸಿಯರ ರಕ್ಷಣೆಗೆ ಕಾಯ್ದೆ ಬಂತು. 1982ರಲ್ಲಿ ಕರ್ನಾಟಕದ ನಿಷೇಧ ಕಾಯ್ದೆ ಬಂತು. ಈ ವರ್ಷ ವಿಧಾನಮಂಡಲ ಇನ್ನೊಂದು ಮಸೂದೆಯನ್ನು ಒಪ್ಪಿದೆ. ದೇವದಾಸಿ ತಾಯಂದಿರ ಮಕ್ಕಳು ಅರ್ಜಿಗಳಲ್ಲಿ ತಂದೆಯ ಹೆಸರು ಬರೆಯಲೇಬೇಕೆಂಬ ಒತ್ತಾಯ ಅದರಲ್ಲಿ ಇಲ್ಲ. ಶಾಲೆಯಲ್ಲಿ ಹೆಸರು ಹಚ್ಚುವಾಗ ಆ ಒಂದು ಖಾಲಿ ಜಾಗದ ಮುಂದೆ ತಾಯಂದಿರು ಪೆನ್ನು ಹಿಡಿದುಕೊಂಡು ನಿಂತದ್ದನ್ನು ನಾನು ಮಾಸ್ತರನಾಗಿದ್ದಾಗ ಎಷ್ಟೋ ಸಲ ನೋಡಿದ್ದೇನೆ.

ಈಗ ಇದೇ ಹುಣ್ಣಿಮೆಯ ಇನ್ನೊಂದು ಕಥೆ. ಶ್ರೀಲಂಕಾದ ಬೌದ್ಧರಿಗೆ ಇವತ್ತು ಉಂದುವಪ್ ಪೋಯ, ಸಂಘಮಿತ್ತಾ ಥೇರಿಯವರ ದಿನ. ಸಂಘಮಿತ್ತಾ ಸಾಮ್ರಾಟ ಅಶೋಕನ ಮಗಳು, ಮಹಿಂದ ಥೇರರ ತಂಗಿ. ಮದುವೆಯಾಗಿದ್ದವಳು, ಸುಮನ ಎಂಬ ಮಗನ ತಾಯಿ. ಹದಿನೆಂಟನೆಯ ವಯಸ್ಸಿಗೆ ಸಂಘ ಸೇರಿದಳು. ಮಹಿಂದರು ಲಂಕೆಗೆ ಹೋಗಿ ಧಮ್ಮ ಹೇಳಿದಾಗ ಅಲ್ಲಿಯ ರಾಜಮನೆತನದ ಅನುಲಾ ಮತ್ತು ಅವಳ ಜೊತೆಗಿದ್ದ ಹೆಂಗಸರು, ನಮಗೂ ಪಬ್ಬಜ್ಜಾ ಕೊಡಿ ಎಂದು ಕೇಳಿದರು. ಮಹಿಂದರು ಏನು ಹೇಳಿದರೆಂದು ಮಹಾವಂಸ ಬರೆದಿಟ್ಟಿದೆ: ಹೆಂಗಸರಿಗೆ ದೀಕ್ಷೆ ಕೊಡುವುದು ನನ್ನಿಂದಾಗದು, ಪಾಟಲಿಪುತ್ರದಲ್ಲಿ ನನ್ನ ತಂಗಿ ಇದ್ದಾಳೆ, ಅವಳನ್ನು ಕರೆಸಿ.

ಅವಳು ಬಂದಳು. ಬರುವಾಗ ಬೋಧಿವೃಕ್ಷದ ಒಂದು ಕೊಂಬೆಯನ್ನು ಬಂಗಾರದ ಪಾತ್ರೆಯಲ್ಲಿ ನೆಟ್ಟುಕೊಂಡು ಹಡಗಿನಲ್ಲಿ ತಂದಳು. ಜಂಬುಕೋಲದ ದಂಡೆಯಲ್ಲಿ ರಾಜ ದೇವಾನಂಪಿಯ ತಿಸ್ಸ ಕುತ್ತಿಗೆಮಟ ನೀರಿಗೆ ಇಳಿದು ಆ ಗಿಡವನ್ನು ಇದಿರುಗೊಂಡನಂತೆ. ಅನುರಾಧಪುರದಲ್ಲಿ ಆ ಗಿಡ ಇವತ್ತಿಗೂ ಇದೆ; ಎರಡು ಸಾವಿರದ ಇನ್ನೂರು ವರ್ಷಕ್ಕೂ ಹೆಚ್ಚು ವಯಸ್ಸು. ಬೋಧಗಯೆಯ ಮೂಲ ಮರ ಹೋಯಿತು, ಹೆಣ್ಣುಮಗಳು ತೆಗೆದುಕೊಂಡು ಹೋದ ಕೊಂಬೆ ಉಳಿಯಿತು. ಅವಳು ಕಟ್ಟಿದ ಭಿಕ್ಖುಣಿ ಸಂಘ ಮುಂದೆ ಐದನೇ ಶತಮಾನದಲ್ಲಿ ಹಡಗು ಹತ್ತಿ ಚೀನಾಕ್ಕೆ ಹೋಗಿ ಅಲ್ಲಿಯ ಹೆಂಗಸರಿಗೆ ಉಪಸಂಪದಾ ಕೊಟ್ಟಿತು. ಲಂಕೆಯಲ್ಲಿ ಸಾವಿರ ವರ್ಷದ ಹಿಂದೆ ಆ ಸಂಘ ಕಡಿದುಹೋಯಿತು. ಮತ್ತೆ ಹತ್ತು ಜನ ಸಿಂಹಳ ಮಹಿಳೆಯರು ಭಿಕ್ಖುಣಿಯರಾದದ್ದು 1996ರ ಡಿಸೆಂಬರಿನಲ್ಲಿ, ನಮ್ಮ ಸಾರನಾಥದಲ್ಲಿ. ಆ ಸಲ ದೀಕ್ಷೆ ಕೊಡುವುದಕ್ಕೆ ಕೊರಿಯಾದ ಭಿಕ್ಖುಣಿಯರು ಬಂದಿದ್ದರು.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ನಮ್ಮ ಓಣಿಯಲ್ಲಿ ಒಬ್ಬ ಆಯಿ ಇದ್ದಾರೆ. ಹೆಸರು ಬೇಡ. ಎಪ್ಪತ್ತು ದಾಟಿದೆ. ಒಂಬತ್ತೋ ಹತ್ತೋ ವರ್ಷದವಳಿದ್ದಾಗ ತಲೆಯಲ್ಲಿ ಜಡೆ ಬಂತೆಂದು ಮುತ್ತು ಕಟ್ಟಿದರು. ಮಗ ದೀಕ್ಷೆ ತೆಗೆದುಕೊಂಡಿದ್ದಾನೆ, ಮನೆಯಲ್ಲಿ ದೇವರ ಜಗಲಿ ತೆಗೆದು ಬುದ್ಧರ ಮೂರ್ತಿ, ಬಾಬಾಸಾಹೇಬರ ಫೋಟೋ ಇಟ್ಟಿದ್ದಾನೆ. ಒಳ್ಳೆಯ ಹುಡುಗ. ಹೋದ ವರ್ಷ ಈ ಹುಣ್ಣಿಮೆಯ ಹಿಂದಿನ ದಿನ ತಾಯಿಯ ಚೀಲ ಕಸಿದು ಅಟ್ಟದ ಮೇಲೆ ಇಟ್ಟ. ಜಗಳ ಓಣಿಗೆ ಕೇಳಿಸಿತು. ಇಪ್ಪತ್ತೆರಡು ಪ್ರತಿಜ್ಞೆ ಬಾಯಿಪಾಠ ಹೇಳಿಸಿದೆ, ನೀನು ಸವದತ್ತಿಗೆ ಹೋದರೆ ನಮ್ಮ ಮರ್ಯಾದೆ ಏನಾಗಬೇಕು ಎಂದು ಅವನು. ನನ್ನನ್ನು ಕರೆದರು. ನಾನು ಹೋಗಿ ಕುಳಿತೆ. ಆಯಿ ನನ್ನ ಕಡೆ ತಿರುಗಿ ಅಂದದ್ದು ಇಷ್ಟು:

"ಗುರುಗಳ, ನನಗ ಮುತ್ತು ಕಟ್ಟೂ ಮುಂದ ಯಾರೂ ಮರ್ಯಾದಿ ಮಾತ ಆಡಲಿಲ್ಲ. ಈಗ ಆಡಾಕತ್ತೀರಿ. ಗುಡ್ಡದಾಗ ದೇವರ ಇಲ್ಲಂತೀರಿ, ಇರಲಿಕ್ಕಿಲ್ಲ ಬಿಡ್ರಿ. ನನ್ನಂಗ ಬಾಳೇ ಮಾಡಿದ ನಾಕ ಮಂದಿ ಅಲ್ಲಿ ಸಿಗತಾರ. ಒಬ್ಬರ ತೊಡಿ ಮ್ಯಾಲ ಒಬ್ಬರು ತಲಿ ಇಟ್ಟ ಅಳತೇವಿ. ನಿಮ್ಮ ವಿಹಾರದಾಗ ನನ್ನ ಬಾಜೂಕ ಕುಂಡ್ರವರ ಯಾರ ಅದಾರ?"

ಈ ಪ್ರಶ್ನೆಗೆ ಇಪ್ಪತ್ತೆರಡು ಪ್ರತಿಜ್ಞೆಯ ಪಟ್ಟಿಯನ್ನು ತೋರಿಸಿ ಉತ್ತರ ಕೊಡಲಿಕ್ಕೆ ಬರುವುದಿಲ್ಲ. ಪ್ರತಿಜ್ಞೆ ತಪ್ಪೆಂದಲ್ಲ. ಎಲ್ಲಮ್ಮನ ಹೆಸರಿನಲ್ಲಿ ನಡೆದದ್ದನ್ನು ಧಮ್ಮ ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಬಳೆ ಒಡೆಯುವುದು ನಿಲ್ಲಬೇಕು. ಆದರೆ ಆಯಿ ಕೇಳಿದ್ದು ದೇವರನ್ನಲ್ಲ. ಆಕೆ ಕೇಳಿದ್ದು ಸಂಘವನ್ನು. ದಿನಾ ಬೆಳಿಗ್ಗೆ ಸಂಘಂ ಶರಣಂ ಅನ್ನುತ್ತೇವಲ್ಲ, ಅದನ್ನೇ ಆಕೆ ಬೇರೆ ಮಾತಿನಲ್ಲಿ ಕೇಳಿದಳು.

ವಿನಯಪಿಟಕದಲ್ಲಿ ಅಡ್ಢಕಾಸಿ ಎಂಬವಳ ಪ್ರಸಂಗ ಬರುತ್ತದೆ. ಕಾಶಿಯ ಗಣಿಕೆ. ಅದೆಲ್ಲ ಬಿಟ್ಟು ಸಂಘ ಸೇರಿದಳು. ಪೂರ್ಣ ಉಪಸಂಪದಾ ಪಡೆಯಲು ಬುದ್ಧರಿದ್ದ ಸಾವತ್ಥಿಗೆ ಹೋಗಬೇಕೆಂದಳು. ದಾರಿಯಲ್ಲಿ ಪೋಲಿಗಳು ಅಡ್ಡಗಟ್ಟಲು ಕಾದು ಕುಳಿತಿದ್ದರು. ಅವಳು ಬುದ್ಧರಿಗೆ ಹೇಳಿಕಳಿಸಿದಳು, ನಾನೀಗ ಏನು ಮಾಡಲಿ ಎಂದು. ಅದುವರೆಗೆ ನಿಯಮ ಏನಿತ್ತೆಂದರೆ, ದೀಕ್ಷೆ ಬೇಕಾದವರು ಸಂಘದ ಮುಂದೆ ಬಂದು ನಿಲ್ಲಬೇಕು. ಬುದ್ಧರು ನಿಯಮವನ್ನೇ ಬದಲಿಸಿದರು. ಅವಳು ಬರಲಾರದಿದ್ದರೆ ಅವಳ ಪರವಾಗಿ ದೂತಳೊಬ್ಬಳು ಬಂದು ಕೇಳಲಿ, ಇಲ್ಲಿಂದಲೇ ಉಪಸಂಪದಾ ಆಗಲಿ. ದೂತನಾಗಿ ಭಿಕ್ಖು ಹೋದರೆ ನಡೆಯುವುದಿಲ್ಲ, ತಿಳಿದ, ಸಮರ್ಥಳಾದ ಭಿಕ್ಖುಣಿಯೇ ಆಗಬೇಕು ಎಂದೂ ಹೇಳಿದರು. ನನಗೆ ಇಡೀ ಪಿಟಕದಲ್ಲಿ ಬಹಳ ಹಿಡಿಸಿದ ಜಾಗಗಳಲ್ಲಿ ಇದು ಒಂದು. ಅವಳ ಹಳೆಯ ಬದುಕಿನ ಬಗ್ಗೆ ಅಲ್ಲಿ ಒಂದು ಬೈಗುಳವಿಲ್ಲ. ದಾರಿಯಲ್ಲಿ ಕುಳಿತ ಪೋಲಿಗಳಿಗಾಗಿ ಅವಳು ಮನೆಯಲ್ಲೇ ಉಳಿಯಬೇಕು ಎಂಬ ಮಾತೂ ಇಲ್ಲ.

ಮೂರನೆಯ ಶೀಲವನ್ನು ಹೇಳುವಾಗಲೂ ನಾವು ಆ ಪೋಲಿಗಳ ಕಡೆ ನೋಡುವುದಿಲ್ಲ. ಕಾಮದಲ್ಲಿ ತಪ್ಪು ನಡೆಯುವುದರಿಂದ ದೂರವಿರುತ್ತೇನೆ ಎಂಬ ಶೀಲ ಮುತ್ತು ಕಟ್ಟಿಸಿಕೊಂಡ ಹುಡುಗಿಯ ಬಗ್ಗೆ ಅಲ್ಲ. ಅವಳ ಬಾಗಿಲಿಗೆ ಬಂದ ಊರ ಗಂಡಸರ ಬಗ್ಗೆ. ಅವರಿಗೆ ಯಾವ ಹುಣ್ಣಿಮೆಗೂ ಯಾರೂ ಏನೂ ಒಡೆಯಲಿಲ್ಲ.

ಬಾಬಾಸಾಹೇಬರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅವರಿಗೆ ನಮ್ಮ ಭಾಗ ಹೊಸದಲ್ಲ. 1925ರ ಏಪ್ರಿಲ್‌ನಲ್ಲಿ ನಿಪ್ಪಾಣಿಗೆ ಬಂದು ಬಹಿಷ್ಕೃತರ ಪರಿಷತ್ತು ನಡೆಸಿದ್ದರು. 1936ರ ಜೂನ್‌ನಲ್ಲಿ ಮುಂಬೈಯ ದಾಮೋದರ ಹಾಲಿನಲ್ಲಿ ದೇವದಾಸಿ, ಜೋಗತಿ, ಪೋತರಾಜರನ್ನೇ ಕೂಡಿಸಿ ಮಾತಾಡಿದರು. ಈ ಬದುಕು ಬಿಟ್ಟು ಹೊರಗೆ ಬನ್ನಿ, ಸಂಸಾರ ಮಾಡಿ ಮಾನದಿಂದ ಬಾಳಿ ಎಂದು ನೇರವಾಗಿ ಹೇಳಿದರು. ಮಾತು ಕಠಿಣವಾಗಿತ್ತು, ಆದರೆ ಅವರನ್ನು ಎದುರಿಗೆ ಕೂಡಿಸಿಕೊಂಡು ಆಡಿದ ಮಾತು. ಇದೇ ತಿಂಗಳ 25ಕ್ಕೆ ಮನುಸ್ಮೃತಿ ದಹನದ ದಿನ ಬರುತ್ತದೆ. 1927ರ ಮಹಾಡ್ ಎಂದರೆ ನಮಗೆ ಬೆಂಕಿಯೇ ನೆನಪು. ಆ ಪರಿಷತ್ತಿನ ಕೊನೆಗೆ ಅವರು ಹೆಂಗಸರನ್ನು ಬೇರೆಯಾಗಿ ಕೂಡಿಸಿ ಮಾತಾಡಿದ್ದು ಅಷ್ಟು ನೆನಪಿಲ್ಲ. ಕೈತುಂಬ ಕಾಲುತುಂಬ ಹೇರಿಕೊಂಡ ಆ ಭಾರದ ಒಡವೆ ನಿಮ್ಮನ್ನು ಅಸ್ಪೃಶ್ಯರೆಂದು ದೂರದಿಂದಲೇ ತೋರಿಸುತ್ತದೆ, ತೆಗೆಯಿರಿ. ಸೀರೆ ಉಡುವ ರೀತಿ ಬದಲಿಸಿ. ಹೆಣ್ಣುಮಕ್ಕಳನ್ನು ಓದಿಸಿ ಎಂದರು. ಹೆಂಗಸರು ಅಲ್ಲಿಯೇ ಸೀರೆ ಉಡುವ ರೀತಿ ಬದಲಿಸಿದರು. ಮಹಾರಾಷ್ಟ್ರದ ಅಕ್ಕಂದಿರು ಆ ದಿನವನ್ನು ಭಾರತೀಯ ಸ್ತ್ರೀ ಮುಕ್ತಿ ದಿನ ಎಂದು ಆಚರಿಸುವುದು ಸುಮ್ಮನೆ ಅಲ್ಲ. ಗುಡ್ಡದಲ್ಲಿ ಬಳೆಯನ್ನು ಬೇರೆಯವರು ಒಡೆಯುತ್ತಾರೆ, ಮಹಾಡದಲ್ಲಿ ಅವರೇ ಕೈಯಾರೆ ತೆಗೆದಿಟ್ಟರು.

ಹತ್ತಿರದ ಮಾತೇ ಬೇಕೆಂದರೆ ಚಿಕ್ಕೋಡಿ ತಾಲ್ಲೂಕಿನ ಕಬ್ಬೂರಿನ ಸೀತವ್ವ ಜೋಡಟ್ಟಿ ಅವರನ್ನು ನೋಡಿ. ಏಳನೆಯ ವಯಸ್ಸಿಗೆ ಮುತ್ತು ಕಟ್ಟಿಸಿಕೊಂಡವರು. ಮುಂದೆ ತಮ್ಮಂಥ ಮಹಿಳೆಯರೇ ಕೂಡಿ ಘಟಪ್ರಭೆಯಲ್ಲಿ ಕಟ್ಟಿದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಮುನ್ನಡೆಸಿದರು. 2018ರಲ್ಲಿ ಪದ್ಮಶ್ರೀ ಬಂತು. ಈ ಪದ್ಧತಿ ನಮ್ಮ ಜಿಲ್ಲೆಯಲ್ಲಿ ಎಷ್ಟು ಕಡಿಮೆಯಾಗಿದೆಯೋ ಅದರಲ್ಲಿ ಪೊಲೀಸರಿಗಿಂತ ಈ ಹೆಂಗಸರ ಪಾಲು ದೊಡ್ಡದು ಎಂಬುದು ನನ್ನ ತಿಳಿವಳಿಕೆ. ಬಾಗಿಲು ಬಡಿದು ಒಳಗೆ ಹೋಗಿ ಕೂಡಬಲ್ಲವರು ಅವರೇ.

ಹೋದ ವರ್ಷದ ಆ ಜಗಳದ ನಂತರ ನಮ್ಮ ಅಧ್ಯಯನ ಮಂಡಳಿಯ ಐದು ಜನ ಅಕ್ಕಂದಿರು ಭಾನುವಾರ ಮಧ್ಯಾಹ್ನ ಆಯಿಯ ಮನೆಗೆ ಹೋಗಲು ಶುರುಮಾಡಿದರು. ಧಮ್ಮ ಹೇಳಲಿಕ್ಕೆ ಅಂತ ಹೋದವರಲ್ಲ. ಶೇಂಗಾ ಸುಲಿಯುತ್ತ ಕೂಡುತ್ತಾರೆ. ಈಗ ಆಯಿಯ ಸರಿಕರು ಇನ್ನಿಬ್ಬರು ಅಲ್ಲಿಗೇ ಬರುತ್ತಾರೆ. ಕಳೆದ ತಿಂಗಳು ಸಂಘಮಿತ್ತಾಳ ಕಥೆ ಹೇಳಿದರಂತೆ. ಆಯಿ ಎಲ್ಲ ಕೇಳಿ, "ಮಗನ್ನ ಬಿಟ್ಟ ಹಡಗ ಹತ್ತಿದಳೇನ?" ಎಂದು ಕೇಳಿದರು. ಇಲ್ಲ ಆಯಿ, ಮಗ ಸುಮನ ಮೊದಲೇ ಸೋದರಮಾವನ ಜೊತೆ ಲಂಕೆಗೆ ಹೋಗಿದ್ದ, ಅಲ್ಲೇ ಇದ್ದ ಎಂದರು. "ಹಂಗಾರ ಚಲೋ ಆತು" ಎಂದು ಆಯಿ ಮತ್ತೆ ಶೇಂಗಾ ಕೈಗೆ ತೆಗೆದುಕೊಂಡರು.

ಇವತ್ತು ಬೆಳಿಗ್ಗೆ ಬಸ್ಸು ಹೋಗಿದೆ. ಆಯಿ ಹತ್ತಿದರೋ ಇಲ್ಲವೋ ನಾನು ಕೇಳಲಿಲ್ಲ. ಮಗನಿಗೂ ಕೇಳಬೇಡ ಎಂದಿದ್ದೇನೆ. ಚೀಲ ಈ ವರ್ಷ ಅವರ ಕೈಯಲ್ಲೇ ಇದೆ.

ಸಂಜೆ 7ಕ್ಕೆ ವಿಹಾರದಲ್ಲಿ ಹುಣ್ಣಿಮೆ ವಂದನೆ. ತ್ರಿಸರಣ, ಪಂಚಶೀಲ ಹೇಳಿಕೊಡುವವರು, ನಂತರ 'ಬುದ್ಧ ಮತ್ತು ಅವನ ಧಮ್ಮ'ದ ಓದು ನಡೆಸುವವರು ಇಬ್ಬರೂ ಈ ಸಲ ಅಕ್ಕಂದಿರೇ. ಖೀರು ಮಾಡಿ ಪಾತ್ರೆ ತೊಳೆಯುವ ಕೆಲಸ ಅಣ್ಣಂದಿರದು, ಹೆಸರು ಕೊಟ್ಟವರು 6 ಗಂಟೆಗೇ ಬನ್ನಿ. ಬುದ್ಧರ ಮೂರ್ತಿಯ ಎದುರಿನ ಮೊದಲ ಸಾಲಿನಲ್ಲಿ ವಯಸ್ಸಾದ ತಾಯಂದಿರಿಗೆ ಚಾಪೆ ಹಾಸಿರುತ್ತದೆ. ಯಾರೂ ಬರದಿದ್ದರೂ ಅದನ್ನು ಮಡಚಬೇಡಿ. ನಾಳೆ ದಾದರಿಗೆ ಹೊರಡುವವರು ಬೆಚ್ಚನೆಯ ಬಟ್ಟೆ, ಆಧಾರ್ ಕಾರ್ಡು, ಎರಡು ಹೊತ್ತಿನ ಬುತ್ತಿ ಇಟ್ಟುಕೊಳ್ಳಿ. ಮಿರಜದಲ್ಲಿ ಗದ್ದಲ ಇರುತ್ತದೆ, ಮಕ್ಕಳ ಕೈ ಬಿಡಬೇಡಿ.

ಜೈ ಭೀಮ್.